ನನ್ನ ಬೈಕಿನ ಮೂರು ಹಳದಿ ವೈರು

2024ರ ಜುಲೈ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಟೀಗೆ ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ಬಂದು ಸ್ಟಾರ್ಟ್ ಬಟನ್ ಒತ್ತಿದರೆ ಬರೀ ಟಕ ಟಕ ಸದ್ದು. ಡಿಸ್‌ಪ್ಲೇ ಒಂದು ಸಲ ಮಿಣುಕಿ ಆರಿಹೋಯಿತು. ಮೇಲಿಂದ ಮಲೆನಾಡಿನ ಮಳೆ. ಪಕ್ಕದಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಹಳೇ ಸ್ಪ್ಲೆಂಡರ್ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅದರ ಯಜಮಾನ ನನ್ನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ತಳ್ಳಬೇಕಾ ಸಾರ್?" ಅಂದ.

ತಳ್ಳಿದರೂ ಉಪಯೋಗ ಇರಲಿಲ್ಲ. ಬ್ಯಾಟರಿ ಪೂರ್ತಿ ಸತ್ತರೆ ಇಂಥ ಬೈಕಿನಲ್ಲಿ ಪೆಟ್ರೋಲ್ ಪಂಪ್ ಓಡುವುದಿಲ್ಲ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಕಿಕ್ಕರ್ ಅಂತೂ ಇಲ್ಲವೇ ಇಲ್ಲ. ಹಾಸನದಿಂದ ಒಂದು ಗೂಡ್ಸ್ ಗಾಡಿ ಕರೆಸಿ, ಹಗ್ಗ ಬಿಗಿದು, ಡ್ರೈವರ್ ಪಕ್ಕ ಕೂತು ಬೆಂಗಳೂರಿಗೆ ಬಂದೆ. ಮೈಮೇಲೆ ರೈಡಿಂಗ್ ಜಾಕೆಟ್ಟು, ತೊಡೆಯ ಮೇಲೆ ಹೆಲ್ಮೆಟ್ಟು.

ಬೈಕಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಅಭಿಮಾನಿಗಳು ಒಂದು ಕಡೆ, ಅದನ್ನು ಕಂಡರಾಗದವರು ಇನ್ನೊಂದು ಕಡೆ ನಿಂತು ಜಗಳ ಶುರು ಮಾಡುತ್ತಾರೆ. ಯುರೋಪಿನದು, ಸ್ಪೋರ್ಟ್ ಬೈಕು, ಅಷ್ಟು ಸಾಕು. 2021ರ ಡಿಸೆಂಬರ್‌ನಲ್ಲಿ ತಗೊಂಡಾಗ ರೋಡಿಗಿಳಿಯುವ ಹೊತ್ತಿಗೆ 18 ಲಕ್ಷ ದಾಟಿತ್ತು. ಇದರಲ್ಲಿ ಕಂಪನಿಗೆ ಹೋದದ್ದು ಪೂರ್ತಿ ಅಲ್ಲ ಅನ್ನುವುದು ನಿಜ. ಆಗ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 28%, ಜೊತೆಗೆ 3% ಸೆಸ್. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, ಲಕ್ಷ ದಾಟಿದ ಟೂ ವೀಲರ್‌ಗೆ 18%. ಹೊರಗಿನಿಂದ ಬಂದಿದ್ದರೆ ಕಸ್ಟಮ್ಸ್ ಬೇರೆ. ಆದರೆ ದುಡ್ಡು ಕೊಟ್ಟವನಿಗೆ ಈ ಲೆಕ್ಕ ತಲೆಗೆ ಹೋಗುತ್ತದೆಯೇ ಹೊರತು ಮನಸ್ಸಿಗೆ ಹೋಗುವುದಿಲ್ಲ. 18 ಲಕ್ಷಕ್ಕೆ ನನಗೆ ಬೇಕಾಗಿದ್ದದ್ದು ಕೆಡದ ಗಾಡಿ, ಅಷ್ಟೇ.

ಸಣ್ಣ ಸಣ್ಣ ಕಿರಿಕಿರಿ ಮೊದಲ ಮಳೆಗಾಲದಿಂದಲೇ ಶುರು. ಡಿಸ್‌ಪ್ಲೇ ಗಾಜಿನ ಒಳಗೆ ಮಂಜು ಕಟ್ಟಿತು. ಫೇರಿಂಗ್‌ನ (ಬೈಕಿನ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಎರಡು ಬೋಲ್ಟಿನ ತಲೆ ತುಕ್ಕು ಹಿಡಿಯಿತು. ಹೆಬ್ಬಾಳ ಫ್ಲೈಓವರ್ ಮೇಲೆ ಸುಮ್ನೆ ಎಂಜಿನ್ ಆಫ್ ಆಯಿತು. ನೋಡಿದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಹೊಕ್ಕು, ಸ್ಟ್ಯಾಂಡ್ ಇನ್ನೂ ಕೆಳಗಿದೆ ಅಂತ ಗಾಡಿ ಅಂದುಕೊಂಡಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕೂಲೆಂಟ್ 105 ಡಿಗ್ರಿ ತೋರಿಸಿ ಫ್ಯಾನು ಬೊಬ್ಬೆ ಹೊಡೆಯುವುದನ್ನು ನಾನು ದೋಷ ಅನ್ನುವುದಿಲ್ಲ, ಅದು ಆ ಜಾತಿಯ ಎಂಜಿನ್ನಿನ ಗುಣ. ಎಂಜಿನ್ ಇವತ್ತಿಗೂ ನನಗೆ ಒಂದು ದಿನ ಕೈ ಕೊಟ್ಟಿಲ್ಲ. ಬ್ರೇಕ್, ಸಸ್ಪೆನ್ಷನ್, ಫ್ರೇಮ್ ಯಾವುದರಲ್ಲೂ ತಕರಾರಿಲ್ಲ. ದುಡ್ಡನ್ನೆಲ್ಲ ಅಲ್ಲಿ ಸುರಿದು, ವೈರು, ಪಿನ್ನು, ಸ್ವಿಚ್ಚಿನ ಹತ್ತಿರ ಬರುವಷ್ಟರಲ್ಲಿ ಕೈ ಬಿಗಿ ಹಿಡಿದಿದ್ದಾರೆ. ಹೊರಗೆ ಥಳಕು ಒಳಗೆ ಹುಳುಕು ಅಂತಾರಲ್ಲ, ಇಲ್ಲಿ ಎರಡರ ಮಧ್ಯದ ಪದರ ಹುಳುಕು.

ದೊಡ್ಡ ತೊಂದರೆ ಚಾರ್ಜಿಂಗ್‌ನದು. 2022ರ ಕೊನೆಯಿಂದ ಬ್ಯಾಟರಿ ಪದೇ ಪದೇ ಇಳಿಯುತ್ತಿತ್ತು. ಸರ್ವಿಸ್ ಸೆಂಟರ್‌ಗೆ ಬಿಟ್ಟರೆ ಒಂದೇ ಉತ್ತರ: "ನೀವು ಓಡಿಸೋದು ಕಮ್ಮಿ ಸರ್, ಅದಕ್ಕೇ." ಒಂದು ಸಲ ಬ್ಯಾಟರಿ ಬದಲಾಯಿಸಿದರು. ಆರು ತಿಂಗಳಿಗೆ ಮತ್ತೆ ಅದೇ ಕಥೆ, ಮತ್ತೊಂದು ಬ್ಯಾಟರಿ. "ಚೆಕ್ ಮಾಡಿದ್ವಿ, ಚಾರ್ಜಿಂಗ್ ಸರಿಯಾಗಿದೆ" ಅಂತ ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟರು. ಅವರು ಸುಳ್ಳು ಹೇಳಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ದೋಣಿಗಾಲ್‌ನಲ್ಲಿ ನಿಲ್ಲುವುದಕ್ಕೂ ಮುಂಚಿನ ಮಾತು ಇದು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಂದೆ. ನಾನು ಎಲೆಕ್ಟ್ರಿಷಿಯನ್ ಅಲ್ಲ, ಓದಿದ್ದು ಕಾಮರ್ಸ್. ಆದರೂ ಇದು ಅಂಥ ಬ್ರಹ್ಮವಿದ್ಯೆಯೇನಲ್ಲ. ಎಂಜಿನ್ ಒಳಗೆ ಸ್ಟೇಟರ್ ಅನ್ನುವ ಕಾಯಿಲ್ ಇರುತ್ತದೆ. ಅದರ ಸುತ್ತ ಮ್ಯಾಗ್ನೆಟ್ ತಿರುಗಿ ಎಸಿ ಕರೆಂಟು ಹುಟ್ಟುತ್ತದೆ. ಅದು ಮೂರು ವೈರಿನಲ್ಲಿ (ನನ್ನದರಲ್ಲಿ ಮೂರೂ ಹಳದಿ) ರೆಗ್ಯುಲೇಟರ್ ರೆಕ್ಟಿಫೈಯರ್‌ಗೆ ಬರುತ್ತದೆ. ಅದು ಕರೆಂಟನ್ನು ಡಿಸಿ ಮಾಡಿ, 14 ವೋಲ್ಟ್ ಆಸುಪಾಸಿನಲ್ಲಿ ಹಿಡಿದು ಬ್ಯಾಟರಿಗೆ ಕೊಡುತ್ತದೆ.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, 5000 ಆರ್‌ಪಿಎಂಗೆ ಏರಿಸಿ, ಬ್ಯಾಟರಿಯ ಎರಡು ಟರ್ಮಿನಲ್ಲಿಗೆ ಮೀಟರ್ ಹಿಡಿದೆ. 14.2 ವೋಲ್ಟ್. ಪಕ್ಕಾ ಸರಿ. ಹಾಗಾದರೆ ತೊಂದರೆ ಎಲ್ಲಿ? ಎರಡು ಮೂರು ದಿನ ಇದೇ ಆಟ ಆಡಿ ಬೇಸರ ಬಂತು. ಒಂದು ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ, ದೇವನಹಳ್ಳಿ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದವನು, ಎಂಜಿನ್ ಆಫ್ ಮಾಡದೆ ಸೀಟ್ ತೆಗೆದು ಮೀಟರ್ ಹಿಡಿದೆ. 5000 ಆರ್‌ಪಿಎಂನಲ್ಲಿ 12.7. ಅಂದರೆ ಚಾರ್ಜೇ ಆಗುತ್ತಿಲ್ಲ, ಗಾಡಿ ಬ್ಯಾಟರಿಯನ್ನು ತಿಂದು ಓಡುತ್ತಿದೆ. ಬಿಸಿಯಾದಾಗ ಮಾತ್ರ ಬರುವ ಕಾಯಿಲೆ ಇದು. ಸರ್ವಿಸ್ ಸೆಂಟರಿನವರು ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಚೆಕ್ ಮಾಡುತ್ತಿದ್ದರು. ಅವರಿಗೆ ಸಿಗುವುದಾದರೂ ಹೇಗೆ?

ಆ ಮೂರು ಹಳದಿ ವೈರನ್ನು ರೆಗ್ಯುಲೇಟರ್ ಕಡೆಗೆ ಸೇರಿಸುವ ಸ್ಟೇಟರ್ ಕನೆಕ್ಟರ್ ಹುಡುಕಿ ಬಿಚ್ಚಿದೆ. ಹುಡುಕುವುದಕ್ಕೇ ಎರಡು ಗಂಟೆ ಹಿಡಿಯಿತು, ಫೇರಿಂಗ್ ಬಿಚ್ಚುವಾಗ ಒಂದು ಪ್ಲಾಸ್ಟಿಕ್ ಕ್ಲಿಪ್ ಮುರಿಯಿತು. ಮೂರು ಪಿನ್ನಿನಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಪಿನ್ನು ವೈರನ್ನು ಸರಿಯಾಗಿ ಕಚ್ಚಿ ಹಿಡಿದಿರಲಿಲ್ಲ. ಸಡಿಲ ಜಾಯಿಂಟಿನಲ್ಲಿ 0.1 ಓಮ್ ರೆಸಿಸ್ಟೆನ್ಸ್ ಇದೆ ಅಂದುಕೊಳ್ಳಿ. ಅದರಲ್ಲಿ 20 ಆಂಪ್ ಹರಿದರೆ 40 ವ್ಯಾಟ್ ಶಾಖ. ವೈರಿಗೆ ಬೆಸುಗೆ ಹಾಕಲು ನನ್ನ ಹತ್ತಿರ ಇರುವ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು! ಬಿಸಿಯಾದಷ್ಟೂ ಜಾಯಿಂಟ್ ಇನ್ನೂ ಕೆಡುತ್ತದೆ, ಕೆಟ್ಟಷ್ಟೂ ಇನ್ನೂ ಬಿಸಿ. ಸಾಲದ್ದಕ್ಕೆ ರೆಗ್ಯುಲೇಟರ್ ಕೂತಿದ್ದದ್ದು ಎಕ್ಸಾಸ್ಟ್ ಪೈಪಿನ ಹತ್ತಿರ, ಗಾಳಿ ಸುಳಿಯದ ಮೂಲೆಯಲ್ಲಿ.

ಇಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ನನಗೇ ಮೆಚ್ಚುಗೆ ಇದೆ. ಕೈಯಲ್ಲಿ ಕಟರ್ ಇದ್ದರೂ ವೈರ್ ಕತ್ತರಿಸಲಿಲ್ಲ. ವಾರಂಟಿ 2023ರ ಡಿಸೆಂಬರ್‌ವರೆಗೆ ಇತ್ತು. ಮೀಟರ್ ರೀಡಿಂಗ್, ಓಡೋಮೀಟರ್, ಕರಗಿದ ಕನೆಕ್ಟರ್ ಎಲ್ಲದರ ಫೋಟೋ ತೆಗೆದೆ. ತಣ್ಣಗಿರುವಾಗ ಎಷ್ಟು, ಬಿಸಿಯಾದಾಗ ಎಷ್ಟು ಅಂತ ತಾರೀಖು ಹಾಕಿ ಬರೆದೆ. ಫೋನ್ ಮಾಡದೆ ಇಮೇಲ್ ಕಳಿಸಿದೆ. ಎರಡು ವಾರ ಉತ್ತರವಿಲ್ಲ. ಮೂರನೇ ಇಮೇಲಿನಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮಾತು ತೆಗೆದೆ. 50 ಲಕ್ಷದವರೆಗಿನ ಖರೀದಿಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗವೇ ಕೇಳುತ್ತದೆ, 10ರಿಂದ 20 ಲಕ್ಷದ ವಸ್ತುವಿಗೆ ಶುಲ್ಕ 400 ರೂಪಾಯಿ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಇದನ್ನೆಲ್ಲ ಒಂದು ಸಂಜೆ ಕೂತು ಓದಿಕೊಂಡಿದ್ದೆ. ಮಾರನೇ ದಿನವೇ ಫೋನ್ ಬಂತು. ದೂರು ಹಾಕುವ ಪ್ರಮೇಯ ಬರಲಿಲ್ಲ. ಹಾಕುತ್ತಿದ್ದೆನಾ ಅಂದರೆ ಡೌಟು. ವಾಯಿದೆ ಮೇಲೆ ವಾಯಿದೆಗೆ ಅಲೆಯುವ ತಾಳ್ಮೆ ನನಗಿಲ್ಲ.

ಸ್ಟೇಟರ್, ರೆಗ್ಯುಲೇಟರ್ ಎರಡನ್ನೂ ವಾರಂಟಿಯಲ್ಲಿ ಬದಲಾಯಿಸಿದರು. ಪಾರ್ಟ್ ಬರಲು 47 ದಿನ. ಅಷ್ಟೂ ದಿನ ಅಪ್ಪನ ಸ್ಕೂಟರಿನಲ್ಲಿ ಆಫೀಸಿಗೆ ಹೋದೆ, ಇಎಂಐ ಮಾತ್ರ ಬೈಕಿನದು ಕಟ್ಟಿದೆ.

ಹಾಗಾದರೆ ದೋಣಿಗಾಲ್‌ನಲ್ಲಿ ಯಾಕೆ ನಿಂತಿತು? ಗೂಡ್ಸ್ ಗಾಡಿಯಿಂದ ಇಳಿಸಿದ ಮಾರನೇ ದಿನ ಫೇರಿಂಗ್ ಬಿಚ್ಚಿ ನೋಡಿದೆ. ಹೊಸ ಸ್ಟೇಟರ್, ಹೊಸ ರೆಗ್ಯುಲೇಟರ್. ಮಧ್ಯದಲ್ಲಿ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಕಡೆಯ ಅದೇ ಹಳೇ ಕನೆಕ್ಟರ್, ಅದೇ ಕಂದು ಕಲೆ! ಎಷ್ಟೋ ಸಾವಿರ ರೂಪಾಯಿಯ ಪಾರ್ಟ್ ಹಾಕಿದವರು ಆ ಒಂದು ತುಂಡನ್ನು ಹಾಗೇ ಬಿಟ್ಟಿದ್ದರು. ನನ್ನ ಇಮೇಲಿನಲ್ಲಿ ಫೋಟೋ ಹಾಕಿ ಕೆಂಪು ಸುತ್ತು ಬೇರೆ ಎಳೆದಿದ್ದೆ.

ಈಗ ವಾರಂಟಿ ಮುಗಿದಿತ್ತು, ಕಟರ್‌ಗೆ ಕೆಲಸ ಬಂತು. ಕಪ್ಪಾದ ತಾಮ್ರ ಹೋಗಿ ಹೊಳೆಯುವ ತಾಮ್ರ ಬರುವವರೆಗೆ ಮೂರೂ ವೈರನ್ನು ಹಿಂದಕ್ಕೆ ಕತ್ತರಿಸಿದೆ. ಮಳೆ ನೀರು ಹೋಗದ ಹಾಗೆ ರಬ್ಬರ್ ಸೀಲ್ ಇರುವ, 40 ಆಂಪ್ ತಡೆಯುವ ಹೊಸ ಕನೆಕ್ಟರ್ ಹಾಕಿದೆ. ಸೋಲ್ಡರ್ ಮಾಡಲಿಲ್ಲ. ಸೋಲ್ಡರ್ ಮಾಡಿದ ಜಾಗದಲ್ಲಿ ವೈರು ಗಡುಸಾಗಿ, ವೈಬ್ರೇಷನ್ನಿಗೆ ಪಕ್ಕದಲ್ಲೇ ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದ ಪಿನ್ನನ್ನು ವೈರಿಗೆ ಬಿಗಿಯಾಗಿ ಅಮುಕಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕಿದರೆ ಮತ್ತೆ ಅದೇ ಸಡಿಲ ಜಾಯಿಂಟು. ಮೊದಲನೆಯ ಕನೆಕ್ಟರ್ ಹಾಗೇ ಹಾಳು ಮಾಡಿ, ಎರಡನೇ ಸಲ ಟೂಲ್ ಕೊಂಡು ಮಾಡಿದೆ.

ಸಣ್ಣ ಅಲ್ಯೂಮಿನಿಯಂ ತಗಡು ಮಾಡಿಸಿ ರೆಗ್ಯುಲೇಟರನ್ನು ಗಾಳಿ ಬರುವ ಜಾಗಕ್ಕೆ ತಂದೆ. ಅದೂ ಹಳೇ ಷಂಟ್ ಜಾತಿಯದಾಗಿತ್ತು. ಅಂದರೆ ಹೆಚ್ಚಾದ ಕರೆಂಟನ್ನು ಸ್ಟೇಟರ್‌ಗೇ ಷಾರ್ಟ್ ಮಾಡಿ ತಿರುಗಿಸುತ್ತದೆ, ಹಾಗಾಗಿ ಸದಾ ಕುದಿಯುತ್ತದೆ. ಅದನ್ನು ತೆಗೆದು, ಬೇಡವಾದಾಗ ಸರ್ಕ್ಯೂಟನ್ನೇ ಬಿಡಿಸುವ ಸೀರೀಸ್ ಜಾತಿಯದನ್ನು ಹಾಕಿದೆ. ಎಲ್ಲ ಸೇರಿ ಒಂದು ಟೈರಿನ ಬೆಲೆಗಿಂತ ಕಮ್ಮಿ ಖರ್ಚು.

ಹ್ಯಾಂಡಲ್ ಪಕ್ಕ ಒಂದು ಪುಟ್ಟ ವೋಲ್ಟ್ ಮೀಟರ್ ಅಂಟಿಸಿದ್ದೇನೆ. ಸಿಲ್ಕ್ ಬೋರ್ಡಿನ ಬಿಸಿಯಲ್ಲೂ 14.1ರಿಂದ ಕೆಳಗಿಳಿದಿಲ್ಲ. ರಸ್ತೆಗಿಂತ ಜಾಸ್ತಿ ಅದನ್ನೇ ನೋಡುತ್ತೀಯ ಅಂತ ಹಿಂದೆ ಕೂತ ಹೆಂಡತಿ ಬೈಯುತ್ತಾಳೆ. ಡಿಸ್‌ಪ್ಲೇಯಲ್ಲಿ ಮಂಜು ಇನ್ನೂ ಕಟ್ಟುತ್ತಿದೆ. ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಡುತ್ತಿದ್ದೇನೆ. ಮಳೆ ನಿಂತ ಮೇಲೆ ಅದನ್ನೂ ಬಿಚ್ಚಬೇಕು.