ವೃದ್ಧಾಶ್ರಮದ ಪಾಳಿ ಪಟ್ಟಿ: ಮಲೆನಾಡಿನ ಮಳೆಗೆ, ಬಸ್ಸಿಗೆ, ಕೊಯ್ಲಿಗೆ ಹೊಂದಿಸುವುದು ಹೇಗೆ?

ವೃದ್ಧಾಶ್ರಮವಿರಲಿ, ವಿಶೇಷ ಚೇತನ ಮಕ್ಕಳ ವಸತಿ ಕೇಂದ್ರವಿರಲಿ, ಆರೈಕೆಯ ಮನೆಗೆ ಬಾಗಿಲು ಹಾಕುವ ಹೊತ್ತು ಎಂಬುದಿಲ್ಲ. ಬೆಳಗಿನ ಪಾಳಿಯ ಆಯಾ ಬಾರದ ದಿನ ಹಾಸಿಗೆ ಹಿಡಿದ ಅಜ್ಜಿಯ ಒದ್ದೆ ಬಟ್ಟೆ ಬದಲಾಗುವುದಿಲ್ಲ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಇನ್ಸುಲಿನ್ ಮತ್ತು ತಿಂಡಿಯ ಹೊತ್ತು ತಪ್ಪುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತ ಇಂಥ ಮನೆಗಳನ್ನು ನಡೆಸುವವರ ದೂರು ಸಾಮಾನ್ಯವಾಗಿ ಒಂದೇ: ಕೆಲಸದವರು ಸರಿಯಾಗಿ ಬರುವುದಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಕಾಣುವ ತೊಂದರೆಯ ಬೇರು ಬಹುತೇಕ ಸಲ ಪಾಳಿ ಪಟ್ಟಿಯಲ್ಲೇ ಇರುತ್ತದೆ. ಆದ್ದರಿಂದ ಹಾಜರಿಯ ನಿಯಮಗಳಿಗೆ ಕೈ ಹಾಕುವ ಮೊದಲು ಪಟ್ಟಿಯನ್ನು ಸರಿಪಡಿಸಬೇಕು.

ಮೊದಲ ಹೆಜ್ಜೆ: ಎಷ್ಟು ಜನ ಬೇಕೆಂದು ಲೆಕ್ಕ ಹಾಕುವುದು

ದಿನಕ್ಕೆ ಮೂರು ಪಾಳಿ, ಹಾಗಾಗಿ ಒಂದು ಜಾಗಕ್ಕೆ ಮೂರು ಜನ ಸಾಕು ಎಂದು ಲೆಕ್ಕ ಹಾಕುವವರೇ ಹೆಚ್ಚು. ಈ ಲೆಕ್ಕದಲ್ಲಿ ವಾರದ ರಜೆಯಿಲ್ಲ, ಜ್ವರವಿಲ್ಲ, ಹಬ್ಬವಿಲ್ಲ. ಒಬ್ಬರು ವರ್ಷದಲ್ಲಿ ನಿಜವಾಗಿ ಎಷ್ಟು ದಿನ ಕೆಲಸಕ್ಕೆ ಸಿಗುತ್ತಾರೆ ಎಂಬುದನ್ನು ನೋಡಬೇಕು. 365 ದಿನಗಳಲ್ಲಿ 52 ವಾರದ ರಜೆ ಕಳೆದರೆ 313 ಉಳಿಯುತ್ತದೆ. ಗಳಿಕೆ ರಜೆ 15, ಕಾಯಿಲೆ ರಜೆ 12, ರಾಷ್ಟ್ರೀಯ ಮತ್ತು ಹಬ್ಬದ ರಜೆ 10 ಎಂದು ಹಿಡಿದರೆ ಕೈಗೆ ಸಿಗುವುದು 276 ದಿನ. ಒಂದು ಜಾಗವನ್ನು ಹಗಲೂ ರಾತ್ರಿ ತುಂಬಲು ವರ್ಷಕ್ಕೆ 1095 ಪಾಳಿಗಳು ಬೇಕಾಗುವುದರಿಂದ, ಅದನ್ನು 276ರಿಂದ ಭಾಗಿಸಿದಾಗ ಹೆಚ್ಚುಕಡಿಮೆ ನಾಲ್ಕು ಬರುತ್ತದೆ. ಅಂದರೆ ಒಂದು ಜಾಗಕ್ಕೆ ನಾಲ್ಕು ಜನ.

ಮೂವತ್ತು ಹಿರಿಯರಿರುವ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸ್ನಾನ, ತಿಂಡಿ, ಔಷಧಿ ಎಲ್ಲವೂ ಒಟ್ಟಿಗೆ ಬೀಳುವ ಬೆಳಿಗ್ಗೆ ನಾಲ್ವರು, ಮಧ್ಯಾಹ್ನದ ಮೇಲೆ ಮೂವರು, ರಾತ್ರಿ ಇಬ್ಬರು ಎಂದಿಟ್ಟುಕೊಂಡರೆ ದಿನಕ್ಕೆ 9 ಪಾಳಿ, ವರ್ಷಕ್ಕೆ 3285. ಇದಕ್ಕೆ 12 ಜನ ಬೇಕು. ಅಡುಗೆಯವರನ್ನೂ ಕಸ ಗುಡಿಸುವವರನ್ನೂ ಇದರಲ್ಲಿ ಸೇರಿಸಬಾರದು. ಅಡುಗೆಯವರು ಬಾರದ ದಿನ ಆಯಾಗಳನ್ನೇ ಒಲೆಯ ಮುಂದೆ ನಿಲ್ಲಿಸುವ ಮನೆಗಳಲ್ಲಿ ಆರೈಕೆಯ ಲೆಕ್ಕ ಅಲ್ಲಿಗೇ ಕೆಡುತ್ತದೆ. ಒಂಬತ್ತೇ ಜನರನ್ನು ಇಟ್ಟುಕೊಂಡು ಹಾಜರಿಯಲ್ಲಿ ಶಿಸ್ತು ತರುತ್ತೇವೆ ಎನ್ನುವ ಆಡಳಿತ ಮಂಡಳಿಗೆ ಯಾವ ನಿಯಮಾವಳಿಯಿಂದಲೂ ಉಪಯೋಗವಾಗದು.

ಎರಡನೆಯ ಹೆಜ್ಜೆ: ಕಾನೂನಿನ ಮಿತಿ ತಿಳಿದುಕೊಳ್ಳುವುದು

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಆದರೆ ಅದೇ ಕಾಯ್ದೆಯ 3ನೇ ಕಲಮು ಅಶಕ್ತರ ಮತ್ತು ಮಾನಸಿಕ ಅಸ್ವಸ್ಥರ ಆರೈಕೆಯ ಸಂಸ್ಥೆಗಳನ್ನು ವ್ಯಾಪ್ತಿಯಿಂದ ಹೊರಗಿಟ್ಟಿದೆ. ಈ ಒಂದು ಸಾಲನ್ನು ಹಿಡಿದುಕೊಂಡು ನಮಗೆ ಗಂಟೆಯ ಲೆಕ್ಕವೇ ಇಲ್ಲ ಎಂದು ವಾದಿಸುವುದು ತಪ್ಪು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ವೇತನ ಸಂಹಿತೆಯು ಹೆಚ್ಚುವರಿ ಕೆಲಸಕ್ಕೆ ಕನಿಷ್ಠ ದುಪ್ಪಟ್ಟು ದರವನ್ನೂ, ಮಾಸಿಕ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡುವುದನ್ನೂ ಕಡ್ಡಾಯ ಮಾಡುತ್ತದೆ. ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗಳಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ, 20 ದಿನದ ಕೆಲಸಕ್ಕೆ ಒಂದು ದಿನದ ಗಳಿಕೆ ರಜೆ ಎಂಬ ಅಳತೆಯನ್ನು ಕೊಟ್ಟಿದೆ. ಧರ್ಮಾರ್ಥ ಸಂಸ್ಥೆಯಾದರೂ ಇದೇ ಅಳತೆಯಲ್ಲಿ ಪಟ್ಟಿ ಹಾಕುವುದು ಕ್ಷೇಮ.

ಮೂರನೆಯ ಹೆಜ್ಜೆ: ಪಾಳಿಯ ಹೊತ್ತನ್ನು ಬಸ್ಸಿಗೆ ಹೊಂದಿಸುವುದು

ಪಟ್ಟಣದ ಆಸ್ಪತ್ರೆಯ 6–2, 2–10, 10–6ರ ಪಾಳಿಯನ್ನು ಹಾಗೆಯೇ ಎತ್ತಿ ತಂದು ಮಲೆನಾಡಿನ ಹಳ್ಳಿಯಂಚಿನ ಆಶ್ರಮಕ್ಕೆ ಹಾಕಿದರೆ ರಾತ್ರಿ ಹತ್ತಕ್ಕೆ ಕೆಲಸ ಬಿಟ್ಟ ಹೆಂಗಸು ಮನೆಗೆ ಹೋಗುವುದು ಹೇಗೆ? ಕೊನೆಯ ಬಸ್ಸು ಎಂಟಕ್ಕೇ ಹೋಗಿರುತ್ತದೆ. ಹಿನ್ನೀರಿನಾಚೆಯ ತುಮರಿ ಕಡೆಯವರಂತೂ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಶರಾವತಿ ಹಿನ್ನೀರಿನ ಲಾಂಚಿನ ಕೊನೆಯ ಟ್ರಿಪ್ಪು ನೋಡಿಕೊಂಡೇ ಸಾಗರದಲ್ಲಿ ಕೆಲಸ ಒಪ್ಪಿಕೊಳ್ಳಬೇಕಾಗಿತ್ತು. ಹಾಗಾಗಿ ಸಿಬ್ಬಂದಿಯ ಹೆಸರಿನ ಮುಂದೆ ಅವರ ಊರು, ಬರುವ ಬಸ್ಸು, ಮರಳುವ ಬಸ್ಸು, ಬಸ್ಸು ತಪ್ಪಿದರೆ ಇರುವ ದಾರಿ, ಇಷ್ಟನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಇದಕ್ಕೆ ಹೊಂದುವ ಒಂದು ಕ್ರಮವೆಂದರೆ ಒಂದು ಪ್ರಯಾಣಕ್ಕೆ ಎರಡು ಪಾಳಿ. ದೂರದಿಂದ ಬರುವವರು ಮಧ್ಯಾಹ್ನದ ಬಸ್ಸಿಗೆ ಬಂದು 2ರಿಂದ 10ರ ಪಾಳಿ ಮುಗಿಸಿ, ಆಶ್ರಮದ ಕೋಣೆಯಲ್ಲೇ ಮಲಗಿ, ಮರುದಿನ 6ರಿಂದ 2ರ ಪಾಳಿ ಮಾಡಿ ಮನೆಗೆ ಹೋಗುತ್ತಾರೆ. ಮುಂದಿನ ಮಧ್ಯಾಹ್ನದವರೆಗೆ ಅವರಿಗೆ ಪೂರ್ತಿ ಒಂದು ದಿನ ಸಿಗುತ್ತದೆ, ವಾರಕ್ಕೆ ಆರು ಪಾಳಿಗೆ ಮೂರೇ ಪ್ರಯಾಣವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮಧ್ಯಾಹ್ನದ ಮೂವರೇ ಬೆಳಗಿನವರೂ ಆಗುವುದರಿಂದ, ನಾಲ್ಕನೆಯವರನ್ನು ನಡೆದು ಬರುವಷ್ಟು ಹತ್ತಿರದವರಿಂದ ಆರಿಸಿದರೆ ಪಟ್ಟಿ ಕೂಡುತ್ತದೆ. ರಾತ್ರಿಯವರು ಎಂಟರ ಬಸ್ಸಿಗೆ ಬಂದು, ಉಂಡು, ಹತ್ತಕ್ಕೆ ಕೆಲಸ ಹಿಡಿಯಬಹುದು.

ಈ ಕ್ರಮ ನಡೆಯಬೇಕಾದರೆ ಒಂದು ಷರತ್ತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಆಶ್ರಮದಲ್ಲಿ ಮಲಗಿದ ಮಾತ್ರಕ್ಕೆ ಅವರು ಡ್ಯೂಟಿಯಲ್ಲಿದ್ದಾರೆ ಎಂದು ತಿಳಿಯಬಾರದು. ಹೇಗೂ ಇಲ್ಲೇ ಇದ್ದೀಯಲ್ಲ, ಸ್ವಲ್ಪ ನೋಡು ಎಂದು ಹನ್ನೊಂದು ಗಂಟೆಗೆ ಎಬ್ಬಿಸಿದ ಕ್ಷಣದಿಂದ ಅದು ಹೆಚ್ಚುವರಿ ಕೆಲಸ. ಎಬ್ಬಿಸಿದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಪುಸ್ತಕದಲ್ಲಿ ಬರೆಯಬೇಕು. ಚಿಲಕವಿರುವ ಕೋಣೆ, ಮಂಚ, ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಿಸಲು ಜಾಗ, ಇಷ್ಟಿಲ್ಲದೆ ಈ ಪದ್ಧತಿಗೆ ಇಳಿಯಲೇಬಾರದು.

ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕುವುದು ಈ ಭಾಗದಲ್ಲಿ ಅಪರೂಪವೇನಲ್ಲ, ಆದರೆ ಅದು ಅಪಾಯ. ಬಿದ್ದ ಅಜ್ಜನನ್ನು ಒಬ್ಬರೇ ಎತ್ತಲಾಗುವುದಿಲ್ಲ. ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಏಳುತ್ತದೆ, ಅದಕ್ಕೂ ಎರಡು ಜೊತೆ ಕೈ ಬೇಕು. ಜುಲೈ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ, ದಾರಿಗೆ ಮರ ಬಿದ್ದು, 108ರ ಆಂಬುಲೆನ್ಸ್ ಬರುವುದು ತಡವಾದರೆ ಒಬ್ಬರು ರೋಗಿಯ ಬಳಿ ಕೂತು ಇನ್ನೊಬ್ಬರು ಫೋನಿಗೆ ಓಡಾಡಬೇಕಾಗುತ್ತದೆ. ಮಹಿಳೆಯರನ್ನು ಸಂಜೆ 7ರ ನಂತರ ಮತ್ತು ಬೆಳಿಗ್ಗೆ 6ಕ್ಕೆ ಮೊದಲು ದುಡಿಸಲು ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪ್ರಕಾರ ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಬೇಕು. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ನಾಲ್ಕನೆಯ ಹೆಜ್ಜೆ: ತಿಂಗಳ ಪಟ್ಟಿ ಬರೆಯುವುದು

ಮುಂದಿನ ತಿಂಗಳ ಪಟ್ಟಿ ಹಿಂದಿನ ತಿಂಗಳ 20ರೊಳಗೆ ಗೋಡೆಯ ಮೇಲಿರಬೇಕು. ಮೊದಲು ವಾರದ ರಜೆಗಳನ್ನು ತುಂಬಿ, ಆಮೇಲೆ ರಾತ್ರಿ ಪಾಳಿ, ಕೊನೆಗೆ ಹಗಲಿನ ಪಾಳಿ ಬರೆಯುವುದು ಸುಲಭ. ಉಲ್ಟಾ ಹೋದರೆ ಕೊನೆಗೆ ಯಾರದೋ ರಜೆ ನುಂಗಿಹೋಗುತ್ತದೆ. ರಾತ್ರಿ ಪಾಳಿ ಮುಗಿಸಿದವರನ್ನು ಅದೇ ದಿನ ಮಧ್ಯಾಹ್ನ ಕರೆಯಬಾರದು. ಪಾಳಿ ಬದಲಿಸುವಾಗ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಮುಂದೆ ಸಾಗಿದರೆ ದೇಹ ಸುಲಭವಾಗಿ ಒಗ್ಗುತ್ತದೆ. ದೂರದವರ ಎರಡು ಪಾಳಿಯ ಕ್ರಮ ಇದಕ್ಕೆ ಅಪವಾದ. ಅವರನ್ನು ಹತ್ತಿರದವರ ಸರದಿಯೊಳಗೆ ಬೆರೆಸದೆ ಬೇರೆ ಸಾಲಿನಲ್ಲೇ ಇಡಬೇಕು.

ಮಲೆನಾಡಿನಲ್ಲಿ ರಜೆ ಕೇಳುವ ಕಾಲ ಕ್ಯಾಲೆಂಡರಿನಷ್ಟೇ ಖಚಿತ. ಜುಲೈ–ಆಗಸ್ಟಿನ ನಟ್ಟಿ, ಭೂಮಿ ಹುಣ್ಣಿಮೆ, ದೀಪಾವಳಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ. ಎಲ್ಲಕ್ಕಿಂತ ದೊಡ್ಡದು ಅಡಿಕೆ ಕೊಯ್ಲು. ಸುಲಿದಷ್ಟಕ್ಕೆ ಕೂಲಿ ಸಿಗುವ ಆ ಎರಡು ಮೂರು ತಿಂಗಳಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸು ಆಶ್ರಮದ ದಿನಗೂಲಿಗಿಂತ ಹೆಚ್ಚು ಸಂಪಾದಿಸಬಲ್ಲಳು ಎಂಬುದು ಎಲ್ಲರಿಗೂ ಗೊತ್ತಿದೆ. ಅದನ್ನು ನಿಷ್ಠೆಯ ಕೊರತೆ ಎಂದು ಬೈಯುವ ಬದಲು ಗಳಿಕೆ ರಜೆಯನ್ನು ಕೊಯ್ಲಿಗೆ ಸರದಿಯ ಮೇಲೆ ಹಂಚಿ, ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಹೋಗದಂತೆ ಸೆಪ್ಟೆಂಬರಿನಲ್ಲೇ ಹೆಸರು ಬರೆಸಿಕೊಳ್ಳುವುದು ಜಾಣತನ. ತೋಟ, ಗದ್ದೆ ಇಲ್ಲದವರಿಗೆ ಬೇಸಿಗೆಯಲ್ಲಿ, ಮಕ್ಕಳ ಶಾಲಾ ರಜೆಯಲ್ಲಿ ಮೊದಲ ಆದ್ಯತೆ ಕೊಟ್ಟರೆ ತಕರಾರು ಕಡಿಮೆಯಾಗುತ್ತದೆ.

ಐದನೆಯ ಹೆಜ್ಜೆ: ಹಾಜರಿಯ ನಿಯಮ

ಹೆಬ್ಬೆಟ್ಟಿನ ಯಂತ್ರ ತಂದರೆ ಹಾಜರಿ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಮನೆಯಲ್ಲಿ ಅಡಿಕೆ ಸುಲಿದು ಬಂದ ಕೈಯಲ್ಲಿ ಚೊಗರು ಹಿಡಿದಿರುತ್ತದೆ, ಹೆಬ್ಬೆಟ್ಟಿನ ಗೆರೆಗಳು ಸವೆದಿರುತ್ತವೆ. ದಿನವಿಡೀ ಬಟ್ಟೆ ತೊಳೆದವರ ಬೆರಳು ನೀರಿಗೆ ಸುಕ್ಕಾಗಿರುತ್ತದೆ. ಯಂತ್ರ ಕೆಂಪು ದೀಪ ತೋರಿಸುತ್ತದೆ, ಅವರು ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ, ಮತ್ತೆ ಕೆಂಪು. ಮೊಬೈಲ್ ಆ್ಯಪ್ ಇಟ್ಟರೆ ನೆಟ್‌ವರ್ಕ್ ಇರುವುದಿಲ್ಲ. ಯಂತ್ರ ಇದ್ದರೆ ಇರಲಿ, ಕಾಗದದ ಹಾಜರಿ ಪುಸ್ತಕವೇ ಮೂಲ ದಾಖಲೆಯಾಗಿರಲಿ. ಬಂದ ಹೊತ್ತು, ಹೋದ ಹೊತ್ತು, ಎರಡಕ್ಕೂ ಬೇರೆ ಬೇರೆ ಸಹಿ, ಯಾರಿಂದ ಕೆಲಸ ವಹಿಸಿಕೊಂಡದ್ದು, ಯಾರಿಗೆ ವಹಿಸಿದ್ದು. ವೈಟ್ನರ್ ಬಳಸಬಾರದು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.

ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಡಿತ ಎಂಬ ನಿಯಮ ಹಲವು ಕಡೆ ಗೋಡೆಯ ಮೇಲಿದೆ. ಗೈರುಹಾಜರಿಗಾಗಿ ಮಾಡುವ ಕಡಿತವು ಗೈರಾದ ಹೊತ್ತಿನ ಪ್ರಮಾಣವನ್ನು ಮೀರಬಾರದು ಎಂಬುದು ವೇತನ ಸಂಹಿತೆಯ ನಿಯಮ. ಮೂರು ಸಲ ಹತ್ತು ಹತ್ತು ನಿಮಿಷ ತಡವಾದವರಿಂದ ನಾಲ್ಕು ಗಂಟೆಯ ಕೂಲಿ ಕಿತ್ತುಕೊಳ್ಳುವಂತಿಲ್ಲ. ಹತ್ತು ನಿಮಿಷದ ರಿಯಾಯಿತಿ ಇಟ್ಟು, ಅದಕ್ಕಿಂತ ಹೆಚ್ಚಾದರೆ ಅಷ್ಟೇ ಹೊತ್ತನ್ನು ಕಳೆಯಿರಿ. ಬಸ್ಸು ರದ್ದಾಗಿ ಅಥವಾ ಮರ ಬಿದ್ದು ತಡವಾದದ್ದಾದರೆ, ಅದೇ ದಾರಿಯಲ್ಲಿ ಬರುವ ಇನ್ನೊಬ್ಬರೂ ತಡವಾಗಿದ್ದಾರೆಯೇ ಎಂದು ಕೇಳಿದರೆ ನಿಜ ತಿಳಿಯುತ್ತದೆ. ಅದಕ್ಕೆ ಕಡಿತ ಬೇಡ.

ಕಡಿತಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಬದಲಿಯವರು ಬಂದು ಸಹಿ ಹಾಕುವ ತನಕ ಪಾಳಿಯವರು ಜಾಗ ಬಿಡಬಾರದು. ಇದನ್ನು ಕೇಳುವವರು ಅದರ ಬೆಲೆಯನ್ನೂ ಕೊಡಬೇಕು: ಹಾಗೆ ಉಳಿದ ಪ್ರತಿ ನಿಮಿಷವೂ ದುಪ್ಪಟ್ಟು ದರದ ಹೆಚ್ಚುವರಿ ಕೆಲಸ, ಮತ್ತು ಎರಡು ಗಂಟೆಯೊಳಗೆ ಬದಲಿಯವರನ್ನು ತರುವುದು ಮೇಲ್ವಿಚಾರಕರ ಹೊಣೆ. ಅದಕ್ಕಾಗಿ ಪ್ರತಿ ದಿನದ ಪಟ್ಟಿಯಲ್ಲಿ ನಡೆದು ಬರಬಲ್ಲ ಒಬ್ಬರ ಹೆಸರನ್ನು ಮೀಸಲಾಗಿ ಬರೆದಿಡಬೇಕು. ಕರೆಯದಿದ್ದರೂ ಕಾದಿದ್ದಕ್ಕೆ ಅವರಿಗೆ ಸಣ್ಣ ಭತ್ಯೆ ಕೊಡಬೇಕು. ಬರಲಾಗದವರು ಪಾಳಿಗೆ ನಾಲ್ಕು ಗಂಟೆ ಮೊದಲು ಆಶ್ರಮದ ಸ್ಥಿರ ದೂರವಾಣಿಗೆ ಕರೆ ಮಾಡಬೇಕು. ವಾಟ್ಸ್‌ಆ್ಯಪ್ ಸಂದೇಶ ಸಾಲದು, ನೆಟ್‌ವರ್ಕ್ ಬಂದ ಮೇಲೆ ಮಧ್ಯಾಹ್ನ ತೆರೆದುಕೊಳ್ಳುವ ಸಂದೇಶದಿಂದ ಬೆಳಗಿನ ಸ್ನಾನ ಆಗುವುದಿಲ್ಲ. ಪಾಳಿ ಅದಲುಬದಲು ಮಾಡಿಕೊಳ್ಳುವವರು ಇಬ್ಬರೂ ಸಹಿ ಹಾಕಿದ ಚೀಟಿ ಕೊಡಬೇಕು.

ಪಾಳಿ ಬದಲಾಗುವಾಗ ಹದಿನೈದು ನಿಮಿಷ ಎರಡೂ ಕಡೆಯವರು ಒಟ್ಟಿಗೆ ಇರಬೇಕು, ಆ ಹೊತ್ತಿಗೂ ಸಂಬಳ ಕೊಡಬೇಕು. ಕೋಣೆಯಿಂದ ಕೋಣೆಗೆ ನಡೆದು ತಲೆ ಎಣಿಸಿ, ಯಾರು ಊಟ ಬಿಟ್ಟರು, ಯಾರಿಗೆ ಎರಡು ದಿನದಿಂದ ಮಲವಿಸರ್ಜನೆ ಆಗಿಲ್ಲ, ಯಾರ ಚರ್ಮ ಕೆಂಪಾಗಿದೆ, ಯಾವ ಮಾತ್ರೆ ಉಳಿದಿದೆ ಎಂಬುದನ್ನು ವಹಿ ಪುಸ್ತಕದಲ್ಲಿ ಓದಿ ಹೇಳಿ ಇಬ್ಬರೂ ಸಹಿ ಹಾಕಬೇಕು. ತಿಂಗಳ ಕೊನೆಯಲ್ಲಿ ಈ ವಹಿಯನ್ನೂ ಹಾಜರಿ ಪುಸ್ತಕವನ್ನೂ ಎದುರುಬದುರು ಇಟ್ಟು ಹೊಂದಿಸಿ, ಹೆಚ್ಚುವರಿ ಗಂಟೆಗಳ ಮೊತ್ತವನ್ನು ಪ್ರತಿಯೊಬ್ಬರಿಗೂ ತೋರಿಸಿ ಒಪ್ಪಿಗೆ ಪಡೆದ ಮೇಲೆ ಸಂಬಳದ ಪಟ್ಟಿ ಬರೆಯಿರಿ. ಒಂದೇ ಹೆಸರಿನ ಮುಂದೆ ತಿಂಗಳು ತಿಂಗಳು ಹೆಚ್ಚುವರಿ ಗಂಟೆ ಏರುತ್ತಿದ್ದರೆ ಆ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸಿಕೊಳ್ಳುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಬೇಕು.