ನಂಜಿನ ಮೊಕದ್ದಮೆಯಲ್ಲಿ ನಾನು ಹುಡುಕಿದ ನಾಲ್ಕು ದಿನಗಳು

“ಅಮ್ಮನ ಮೊಣಕಾಲಿಗೆ ನಂಜೇರಿದೆ ಸಾರ್, ಆಪರೇಷನ್ ಥಿಯೇಟರಿನಲ್ಲೇ ಹತ್ತಿದ್ದು, ಡಾಕ್ಟರ ಮೇಲೆ ಪೊಲೀಸ್ ಕೇಸನ್ನೇ ಹಾಕಿ” ಎಂದು ಆ ತಾಯಿಯ ಮಗಳು ನನ್ನ ವಕೀಲಿ ಕಚೇರಿಗೆ ಬಂದಾಗ, ಮೊಣಕಾಲಿಗೆ ಕೃತಕ ಕೀಲು ಕೂರಿಸಿದ ಮೊದಲ ಶಸ್ತ್ರಚಿಕಿತ್ಸೆ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಇರುವ ಕಾಲಮಿತಿ ಎರಡು ವರ್ಷ. ಆದ್ದರಿಂದ ಸಮಾಧಾನದ ಮಾತು ಮುಗಿದ ಕೂಡಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: “ಕೇಸ್ ಶೀಟ್ ತಗೊಂಡಿದ್ದೀರೇನಮ್ಮ?” ಕೇಸ್ ಶೀಟ್ ಅಂದರೆ ಆಸ್ಪತ್ರೆಯಲ್ಲಿ ದಿನದಿನವೂ ಬರೆದಿಡುವ ಚಿಕಿತ್ಸೆಯ ದಾಖಲೆ. ಅವರ ಬಳಿ ಇದ್ದದ್ದು ಡಿಸ್ಚಾರ್ಜ್ ಸಮ್ಮರಿ ಮತ್ತು ಬಿಲ್ಲುಗಳು ಮಾತ್ರ.

ವೈದ್ಯಕೀಯ ವೃತ್ತಿಯ ನಡತೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು ಮತ್ತು ರೋಗಿಯಾಗಲಿ ಅವರ ಅಧಿಕೃತ ಪ್ರತಿನಿಧಿಯಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ತಾಯಿಯ ಸಹಿ ಇರುವ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆವು. ಆ ಅರ್ಜಿಯಲ್ಲಿ ಆರೋಪದ ಒಂದು ಮಾತೂ ಇರದಂತೆ ನೋಡಿಕೊಂಡೆ. ಲೀಗಲ್ ನೋಟಿಸನ್ನು ಮೊದಲು ಕಳುಹಿಸಿ ಆಮೇಲೆ ದಾಖಲೆ ಕೇಳುವುದು ನನ್ನ ಅನುಭವದಲ್ಲಿ ದೊಡ್ಡ ತಪ್ಪು.

ದಾಖಲೆ ಬಂದ ಮೇಲೆ ಎರಡು ಸಂಜೆ ಕೂತು ಓದಿದೆ. ಶಸ್ತ್ರಚಿಕಿತ್ಸೆಯಾದ ಆರನೆಯ ದಿನ ಹೊಲಿಗೆಯಿಂದ ಒಸರುತ್ತಿದ್ದ ದ್ರವವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡಲು, ಕಳುಹಿಸಿದ್ದರು. ಒಂಬತ್ತನೆಯ ದಿನ ಸಂಜೆ ವರದಿ ವಾರ್ಡಿಗೆ ತಲುಪಿದೆ ಎಂದು ದಾದಿಯ ಟಿಪ್ಪಣಿಯಲ್ಲಿ ನೀಲಿ ಶಾಯಿಯಲ್ಲಿ ಸಮಯಸಮೇತ ಬರೆದಿತ್ತು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು, ಮತ್ತು ಅವರಿಗೆ ಆಗ ಕೊಡುತ್ತಿದ್ದ ಆ್ಯಂಟಿಬಯೋಟಿಕ್‌ನ ಎದುರು ‘ಆರ್’ ಎಂಬ ಅಕ್ಷರವಿತ್ತು, ಅಂದರೆ ಆ ಔಷಧಕ್ಕೆ ಈ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಮುಂದಿನ ಹಾಳೆಯಲ್ಲಿ ಹತ್ತು, ಹನ್ನೊಂದು, ಹನ್ನೆರಡನೆಯ ದಿನದ ವೈದ್ಯರ ಟಿಪ್ಪಣಿ ಒಂದೇ ಆಗಿತ್ತು: ‘ಸಿಎಸ್‌ಟಿ’, ಅಂದರೆ ಇದೇ ಚಿಕಿತ್ಸೆ ಮುಂದುವರಿಸಿ. ಔಷಧ ಬದಲಾದದ್ದು ಹದಿಮೂರನೆಯ ದಿನ. ಕೊನೆಗೆ ಕೃತಕ ಕೀಲನ್ನೇ ತೆಗೆದು, ನಂಜು ಇಳಿದ ಮೇಲೆ ಮತ್ತೊಂದನ್ನು ಕೂರಿಸಬೇಕಾಯಿತು.

ನನ್ನ ಮೊಕದ್ದಮೆ ನಿಂತದ್ದು ವರದಿ ಬಂದದ್ದಕ್ಕೂ ಔಷಧ ಬದಲಾದದ್ದಕ್ಕೂ ನಡುವಿನ ಆ ನಾಲ್ಕು ದಿನಗಳ ಮೇಲೆ. ಶಸ್ತ್ರಚಿಕಿತ್ಸೆಯ ನಂತರ ಸೋಂಕು ತಗುಲುವುದು ಎಷ್ಟೇ ಎಚ್ಚರವಹಿಸಿದರೂ ಆಗಬಹುದಾದದ್ದು, ಅದೊಂದರಿಂದಲೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಸೋಂಕಿನ ಲಕ್ಷಣ ಕಂಡ ಮೇಲೆ ಯಾರು, ಯಾವಾಗ, ಏನು ಮಾಡಿದರು ಎಂಬುದನ್ನಾದರೆ ಅವರದೇ ಕಾಗದಗಳಿಂದ ತೋರಿಸಬಹುದು.

ಪೊಲೀಸ್ ದೂರು ಬೇಡವೆಂದು ಮಗಳನ್ನು ಒಪ್ಪಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ವೈದ್ಯರನ್ನು ಕ್ರಿಮಿನಲ್ ಹೊಣೆಗೆ ಗುರಿಪಡಿಸಲು ಘೋರ ನಿರ್ಲಕ್ಷ್ಯವೇ ಬೇಕು, ಖಾಸಗಿ ದೂರಿಗೆ ಮತ್ತೊಬ್ಬ ಸಮರ್ಥ ವೈದ್ಯರ ವಿಶ್ವಾಸಾರ್ಹ ಅಭಿಪ್ರಾಯವೂ ಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವ ದಾರಿಯೂ ಇತ್ತು. ಅದು ವೈದ್ಯರ ವೃತ್ತಿನಡತೆಯನ್ನು ವಿಚಾರಿಸಿ ಶಿಸ್ತುಕ್ರಮ ಕೈಗೊಳ್ಳಬಲ್ಲದು, ಆದರೆ ರೋಗಿಗೆ ಪರಿಹಾರ ಕೊಡಿಸಲಾರದು. ಸಾಲ ಮಾಡಿ ಮತ್ತೆರಡು ಶಸ್ತ್ರಚಿಕಿತ್ಸೆ ಮಾಡಿಸಿದ್ದ ಆ ಮನೆಗೆ ಬೇಕಿದ್ದದ್ದು ಹಣ.

ಹೀಗಾಗಿ ಗ್ರಾಹಕರ ಆಯೋಗವನ್ನೇ ಆರಿಸಿಕೊಂಡೆವು. ಹಣ ಪಡೆದು ಕೊಡುವ ಚಿಕಿತ್ಸೆಯೂ ‘ಸೇವೆ’ಯೇ ಎಂಬುದು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ತೀರ್ಮಾನವಾಗಿದೆ, ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಅದರ ಹೊರಗೆ. ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಬಿಡುತ್ತದೆ. ಕೋಲು ಹಿಡಿದು ನಡೆಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಕೇಳುವ ಪರಿಹಾರ ಎಷ್ಟೇ ಇರಲಿ, ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ನಾವು ಆಸ್ಪತ್ರೆಗೆ ಕಟ್ಟಿದ್ದು 5 ಲಕ್ಷದೊಳಗೆ ಇದ್ದದ್ದರಿಂದ ಶುಲ್ಕವೂ ಇರಲಿಲ್ಲ.

ಕಷ್ಟವಾದದ್ದು ತಜ್ಞರ ಅಭಿಪ್ರಾಯ ಪಡೆಯುವುದು. ಎಲ್ಲ ಪ್ರಕರಣಗಳಿಗೂ ಅದು ಕಡ್ಡಾಯವಲ್ಲವೆಂದು ವಿ. ಕಿಶನ್ ರಾವ್ ಪ್ರಕರಣದ 2010ರ ತೀರ್ಪು ಹೇಳಿದ್ದರೂ, ಅದಿಲ್ಲದೆ ಇಂಥ ವಾದಕ್ಕೆ ಬಲ ಬರುವುದಿಲ್ಲ ಎಂದು ನನಗೆ ಅನಿಸಿತು. ಸುತ್ತಲಿನ ಮೂಳೆತಜ್ಞರು ಸಹೋದ್ಯೋಗಿಯ ವಿರುದ್ಧ ಬರೆದುಕೊಡಲು ಒಪ್ಪಲಿಲ್ಲ. ಕೊನೆಗೆ ಬೇರೊಂದು ಊರಿನ ನಿವೃತ್ತ ಪ್ರಾಧ್ಯಾಪಕರು ಇಡೀ ಕೇಸ್ ಶೀಟ್ ಓದಿ, ಒಂಬತ್ತನೆಯ ದಿನವೇ ಔಷಧ ಬದಲಿಸಿ ಗಾಯವನ್ನು ತೆರೆದು ತೊಳೆದಿದ್ದರೆ ಕೀಲು ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ಪ್ರಮಾಣಪತ್ರ ಕೊಟ್ಟರು. ಥಿಯೇಟರಿನಲ್ಲಿ ತಪ್ಪಾಗಿದೆ ಎಂದು ಬರೆಯಲು ಅವರು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತಗೊಳಿಸಿದ್ದನ್ನು ಬರೆದಿಡುವ ಆಟೋಕ್ಲೇವ್ ರಿಜಿಸ್ಟರನ್ನು ಆಯೋಗದ ಮೂಲಕ ತರಿಸಿದಾಗ ಅದು ಕ್ರಮಬದ್ಧವಾಗಿತ್ತು. ಮಗಳ ಮನಸ್ಸಿಗೆ ನೋವಾದರೂ ಆ ಆರೋಪವನ್ನು ವಾದದಲ್ಲಿ ಕೈಬಿಟ್ಟೆ. ಸಾಬೀತುಪಡಿಸಲಾಗದ ಒಂದು ಆರೋಪ ಉಳಿದ ನಿಜವನ್ನೂ ದುರ್ಬಲಗೊಳಿಸುತ್ತದೆ.

ತಾಯಿಯ ಮಧುಮೇಹದಿಂದಲೇ ಗಾಯ ಮಾಯಲಿಲ್ಲ ಎಂಬುದು ಆಸ್ಪತ್ರೆಯ ತಕರಾರು. ಆ ನಾಲ್ಕು ದಿನಗಳ ಬಗ್ಗೆ ಮಾತ್ರ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆಯೋಗವು ಮೊದಲ ಶಸ್ತ್ರಚಿಕಿತ್ಸೆಯ ಖರ್ಚನ್ನು ಬಿಟ್ಟು, ನಂತರದ ಎರಡು ಶಸ್ತ್ರಚಿಕಿತ್ಸೆಗಳ ವೆಚ್ಚವನ್ನೂ ನೋವಿಗಾಗಿ ಒಂದಿಷ್ಟು ಮೊತ್ತವನ್ನೂ ಕೊಡುವಂತೆ ಆದೇಶಿಸಿತು. ನಾವು ಕೇಳಿದ್ದಕ್ಕಿಂತ ಅದು ಕಡಿಮೆ, ಆದರೂ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ.

ಆಸ್ಪತ್ರೆ ಆದೇಶದ ಅರ್ಧ ಮೊತ್ತವನ್ನು ಕಾಯ್ದೆಯಂತೆ ಠೇವಣಿಯಿಟ್ಟು ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಿದೆ. ಅಲ್ಲಿಗೆ ನಾನು ಸಿದ್ಧಪಡಿಸಿರುವ ಕಡತದಲ್ಲಿ ಮೊದಲ ಹಾಳೆ ಕಲ್ಚರ್ ವರದಿ, ಎರಡನೆಯದು ನೀಲಿ ಶಾಯಿಯ ಆ ಟಿಪ್ಪಣಿ.