ವಾರದ ಅಡುಗೆಗೆ ನಾನು ಕಂಡುಕೊಂಡ ದಾರಿ

ಇಬ್ಬರೂ ಕೆಲಸಕ್ಕೆ ಹೋಗುವ ಮನೆ ನಮ್ಮದು. ಸಂಜೆ ಮನೆ ಸೇರಿದ ಮೇಲೆ ‘ಇವತ್ತು ಏನು ಮಾಡೋದು?’ ಅನ್ನುವ ಯೋಚನೆಯೇ ಅಡುಗೆಗಿಂತ ಜಾಸ್ತಿ ಸುಸ್ತು ಮಾಡುತ್ತಿತ್ತು. ಇಡೀ ವಾರದ ಊಟ-ತಿಂಡಿ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿದರೂ ಬುಧವಾರದ ಹೊತ್ತಿಗೆ ಅದು ನಿಂತುಹೋಗುತ್ತಿತ್ತು.

ಈಗ ಯಾವ ದಿನ ಯಾವ ಅಡುಗೆ ಅಂತ ಬರೆಯುವುದಿಲ್ಲ. ಯಾವ ರಾತ್ರಿ ಏನು ನೆನೆಸಬೇಕು ಅಂತ ಮಾತ್ರ ಬರೆಯುತ್ತೇನೆ. ಶನಿವಾರ ರಾತ್ರಿ ಹೆಸರುಕಾಳು ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಸೋಮವಾರಕ್ಕೆ ಮೊಳಕೆ ಸಿದ್ಧ. ಮಂಗಳವಾರ ರಾತ್ರಿ ಅಲಸಂದೆ, ಗುರುವಾರ ಕಡಲೆಕಾಳು. ಕಾಳು ನೆನೆದಿದ್ದರೆ ಮರುದಿನದ ಅಡುಗೆ ಅರ್ಧ ಮುಗಿದ ಹಾಗೇ ಅಲ್ವಾ?

ತುಂಬಾ ನೆರವಾದದ್ದು ಬಸ್ಸಾರು. ಕಾಳು ಮುಕ್ಕಾಲು ಬೆಂದಾಗ ದಂಟಿನ ಸೊಪ್ಪು ಹಾಕಿ ಬೇಯಿಸಿ, ಕಟ್ಟು, ಅಂದರೆ ಬೇಯಿಸಿದ ನೀರು, ಬಸಿದುಕೊಳ್ಳಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಒಂದು ಹಿಡಿ ಬೆಂದ ಕಾಳು ರುಬ್ಬಿ ಆ ಕಟ್ಟಿನಲ್ಲಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ! ಜೊತೆಗೆ ಮುದ್ದೆ ಇದ್ದರೆ ಇನ್ನೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.

ಸೊಪ್ಪನ್ನು ಭಾನುವಾರವೇ ಬಿಡಿಸಿಡುತ್ತೇವೆ. ತೊಳೆಯಬಾರದು, ಒದ್ದೆಯಾದರೆ ಬೇಗ ಕೊಳೆಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು, ಅಡುಗೆಗೆ ಮುಂಚೆ ತೊಳೆದರೆ ಸಾಕು. ಶನಿವಾರ ಸಂಜೆಗೆ ಮಾತ್ರ ಏನೂ ಗೊತ್ತುಮಾಡಿಲ್ಲ. ಮಿಕ್ಕ ತರಕಾರಿಯೆಲ್ಲ ಹಾಕಿ ಬಿಸಿಬೇಳೆಬಾತ್ ಮಾಡುತ್ತೇವೆ.